ಓದುಗರ ಪ್ರಶ್ನೆ, ನಮ್ಮ ಉತ್ತರ: ಸಣ್ಣ ಸಾಲ, ಸ್ವಂತ ದುಡಿಮೆ

ಪ್ರಶ್ನೆ: ಬಡ ಕುಟುಂಬಗಳ ಹೆಂಗಸರಿಗೆ ಸಣ್ಣ ಸಾಲ ಕೊಡಬೇಕೆಂದು ನಮ್ಮ ತಂಡ ದೇಣಿಗೆ ಸಂಗ್ರಹಿಸಿದೆ. ಹೇಗೆ ಶುರು ಮಾಡಬೇಕು?

ಉತ್ತರ: ಆ ಹಣವನ್ನು ಸದ್ಯಕ್ಕೆ ಮುಟ್ಟಬೇಡಿ. ಹೊರಗಿನ ದುಡ್ಡು ಮೊದಲೇ ಬಂದುಬಿಟ್ಟರೆ ಜನ ಅದನ್ನು ದಾನವೆಂದೇ ತಿಳಿಯುತ್ತಾರೆ, ಹಾಗೆ ತಿಳಿಯುವುದು ಸಹಜವೂ ಹೌದು. ತಾವೇ ಕೂಡಿಟ್ಟ ಹಣ ಸಾಲವಾಗಿ ಹೋದರೆ ಅದು ವಾಪಸು ಬರುವವರೆಗೆ ಎಲ್ಲರೂ ಅದರ ಮೇಲೆ ಕಣ್ಣಿಟ್ಟಿರುತ್ತಾರೆ. ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ 1991ರಲ್ಲಿ ಆಫ್ರಿಕಾದ ನೈಜರ್ ದೇಶದಲ್ಲಿ ಆರಂಭಿಸಿದ ಹಳ್ಳಿ ಉಳಿತಾಯ ಗುಂಪುಗಳು ನಡೆಯುವುದೇ ಹೀಗೆ, ಹೊರಗಿನ ಬಂಡವಾಳದ ಹಂಗಿಲ್ಲದೆ.

ಒಂದು ಗುಂಪಿಗೆ 15ರಿಂದ 25 ಜನ ಸಾಕು. ಉಳಿತಾಯವನ್ನು ಷೇರುಗಳಾಗಿ, ಅಂದರೆ ಒಂದೇ ಮೊತ್ತದ ಪಾಲುಗಳಾಗಿ ಕಟ್ಟುತ್ತಾರೆ. ಒಂದು ಷೇರಿನ ಬೆಲೆ ಎಷ್ಟೆಂದು ಅವರೇ ತೀರ್ಮಾನಿಸಲಿ. ಅತಿ ಬಡ ಸದಸ್ಯೆಯೂ ಪ್ರತಿ ಸಭೆಯಲ್ಲಿ ಒಂದು ಷೇರು ಕೊಳ್ಳುವಂತಿರಬೇಕು. ಯಾರೂ ಒಂದು ಸಭೆಯಲ್ಲಿ 5ಕ್ಕಿಂತ ಹೆಚ್ಚು ಕೊಳ್ಳುವಂತಿಲ್ಲ. ಈ ಮಿತಿ ಇಲ್ಲದಿದ್ದರೆ ಸ್ವಲ್ಪ ಉಳ್ಳವರು ಗುಂಪನ್ನೇ ನುಂಗಿಹಾಕುತ್ತಾರೆ. ಹಣ ಕಬ್ಬಿಣದ ಪೆಟ್ಟಿಗೆಯಲ್ಲಿರಲಿ. ಅದಕ್ಕೆ ಮೂರು ಬೀಗ, ಮೂರು ಕೀಲಿ ಮೂವರ ಬಳಿ. ಪೆಟ್ಟಿಗೆ ಇಟ್ಟುಕೊಂಡವರ ಬಳಿ ಕೀಲಿ ಇರಕೂಡದು. ಪೆಟ್ಟಿಗೆ ತೆರೆಯುವುದು ಸಭೆಯಲ್ಲಿ ಮಾತ್ರ. ಇಬ್ಬರು ಗಟ್ಟಿಯಾಗಿ ಎಣಿಸಬೇಕು, ಉಳಿದವರು ನೋಡುತ್ತಿರಬೇಕು. ಪಾಸ್‌ಬುಕ್ಕಿನಲ್ಲಿ ಒಂದು ಷೇರಿಗೆ ಒಂದು ಮುದ್ರೆ ಒತ್ತಿದರೆ ಓದು ಬಾರದವರಿಗೂ ತಮ್ಮ ಲೆಕ್ಕ ತಮಗೇ ಗೊತ್ತಾಗುತ್ತದೆ. ಕಾರ್ಯದರ್ಶಿ "ಮನೆಗೆ ಹೋಗಿ ಬರೆದುಕೊಳ್ಳುತ್ತೇನೆ" ಎಂದರೆ ಒಪ್ಪಲೇಬೇಡಿ. ಗುಂಪುಗಳು ಕೆಡುವುದು ಹೆಚ್ಚಾಗಿ ಅಲ್ಲಿಂದಲೇ.

ಸಾಲ ಅವರವರ ಉಳಿತಾಯದ ಮೂರು ಪಟ್ಟು ಮೀರದಿರಲಿ, ಮೊದಲ ವರ್ಷ ಅವಧಿಯೂ ಮೂರು ತಿಂಗಳಿಗಿಂತ ಹೆಚ್ಚು ಬೇಡ. ವರ್ಷದ ಕೊನೆಗೆ ಎಲ್ಲ ಸಾಲ ವಸೂಲು ಮಾಡಿ, ಒಟ್ಟು ಹಣವನ್ನು ಒಟ್ಟು ಷೇರುಗಳಿಂದ ಭಾಗಿಸಿ ಹಂಚಿಬಿಡಿ. ಷೇರಿನ ಬೆಲೆ 100 ಇತ್ತು, 450 ಷೇರು ಮಾರಾಟವಾಗಿವೆ, ಬಡ್ಡಿ ಸೇರಿ ಪೆಟ್ಟಿಗೆಯಲ್ಲಿ 54,000 ಇದೆ ಎಂದುಕೊಳ್ಳಿ. ಆಗ ಷೇರಿಗೆ 120 ಬಂತು. 30 ಷೇರು ಇದ್ದವರಿಗೆ 3,600 ಸಿಗುತ್ತದೆ. ಹಂಚಿಕೆಗೆ ಒಂದು ತಿಂಗಳು ಇರುವಾಗಲೇ ಹೊಸ ಸಾಲ ಕೊಡುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ಆ ದಿನ ಅರ್ಧ ಹಣ ಹೊರಗೇ ಉಳಿದಿರುತ್ತದೆ. ಒಂದು ಸುತ್ತು ಹೀಗೆ ಸರಾಗವಾಗಿ ಮುಗಿದ ಗುಂಪಿಗೆ ನಿಮ್ಮ ದೇಣಿಗೆ ಹಣದಿಂದ ದೊಡ್ಡ ಸಾಲ ಕೊಡುವ ಮಾತಾಡಬಹುದು.

ಪ್ರಶ್ನೆ: ಶೇ 12ರ ಬಡ್ಡಿಗೆ ಸಾಲ ಎಂದರು. ಕಟ್ಟುತ್ತಾ ಹೋದಂತೆ ಹೆಚ್ಚೇ ಅನ್ನಿಸುತ್ತಿದೆ. ಲೆಕ್ಕ ಎಲ್ಲಿ ತಪ್ಪಿದೆ?

ಉತ್ತರ: ಅದು ಫ್ಲಾಟ್ ಬಡ್ಡಿ ಇರಬೇಕು, ಅಂದರೆ ಕೊನೆಯವರೆಗೂ ಮೊದಲು ಪಡೆದ ಪೂರ್ತಿ ಸಾಲದ ಮೇಲೆಯೇ ಹಾಕುವ ಬಡ್ಡಿ. 12,000 ಸಾಲ, 12 ಮಾಸಿಕ ಕಂತು ಎಂದಿಟ್ಟುಕೊಳ್ಳಿ. ಫ್ಲಾಟ್ ಲೆಕ್ಕದಲ್ಲಿ ಬಡ್ಡಿ 1,440, ತಿಂಗಳ ಕಂತು 1,120. ಆದರೆ ಪ್ರತಿ ಕಂತಿನಲ್ಲೂ ಅಸಲು ಕರಗುತ್ತಿರುತ್ತದೆ. ಕೊನೆಯ ತಿಂಗಳು ನಿಮ್ಮ ಬಳಿ ಉಳಿದಿರುವುದು ಸಾವಿರ ಚಿಲ್ಲರೆ ಮಾತ್ರ, ಬಡ್ಡಿ ಮಾತ್ರ ಪೂರ್ತಿ 12,000ದ ಮೇಲೆ. ಬಾಕಿ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇ 21.5 ಆಗುತ್ತದೆ. ನಿಜಕ್ಕೂ ಶೇ 12 ಆಗಿದ್ದರೆ ಕಂತು ಸುಮಾರು 1,066, ಒಟ್ಟು ಬಡ್ಡಿ ಸುಮಾರು 794. ಇದರ ಜೊತೆಗೆ ಅರ್ಜಿ ಶುಲ್ಕ, ವಿಮೆ, ಭದ್ರತಾ ಠೇವಣಿ ಎಂದು ಮೊದಲೇ ಮುರಿದುಕೊಂಡರೆ ದರ ಇನ್ನೂ ಏರುತ್ತದೆ. ಸಹಿ ಹಾಕುವ ಮೊದಲು ಎರಡೇ ಪ್ರಶ್ನೆ ಕೇಳಿ: ಕೈಗೆ ಎಷ್ಟು ಬರುತ್ತದೆ? ಒಟ್ಟು ಎಷ್ಟು ಕಟ್ಟಬೇಕು, ಯಾವ ಯಾವ ದಿನ?

ಪ್ರಶ್ನೆ: ಆಡು ಸಾಕಲು ಸಾಲ ಪಡೆದವರೆಲ್ಲ ಎರಡೇ ತಿಂಗಳಲ್ಲಿ ಸುಸ್ತಿದಾರರಾದರು. ಅವರು ಸೋಮಾರಿಗಳಂತೂ ಅಲ್ಲ. ಕಾರಣವೇನು?

ಉತ್ತರ: ಕಂತು ದುಡಿಮೆಯ ಜೊತೆ ಹೊಂದಿಲ್ಲ. ಆಡಿನ ಗರ್ಭಾವಧಿಯೇ ಸುಮಾರು ಐದು ತಿಂಗಳು. ಮರಿ ಬೆಳೆದು ಮಾರಾಟಕ್ಕೆ ಬರಲು ಮತ್ತೆ ಹಲವು ತಿಂಗಳು ಬೇಕು. ವಾರದ ಕಂತು ಮುಂದಿನ ವಾರದಿಂದಲೇ ಶುರುವಾದರೆ ಎಲ್ಲಿಂದ ಕಟ್ಟುತ್ತಾರೆ? ಪಡೆದ ಸಾಲದಿಂದಲೇ, ಇಲ್ಲವೇ ಇನ್ನೊಬ್ಬರ ಹತ್ತಿರ ಕೈಸಾಲ ಮಾಡಿ. ಕೊನೆಗೆ ಗಬ್ಬದ ಆಡನ್ನೇ ಮಾರುತ್ತಾರೆ. ತರಕಾರಿ ಮಾರುವವರಿಗೆ ವಾರದ ಕಂತು ಸರಿ, ಅವರಿಗೆ ದಿನವೂ ಕಾಸು ಓಡಾಡುತ್ತದೆ. ಆಡು ಸಾಕುವವರಿಂದ ಮರಿ ಮಾರುವವರೆಗೆ ಬಡ್ಡಿ ಮಾತ್ರ ಪಡೆದು, ಅಸಲನ್ನು ಮಾರಾಟದ ತಿಂಗಳುಗಳಲ್ಲಿ ತೆಗೆದುಕೊಳ್ಳಿ. ಕೋಲ್ಕತ್ತದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊದಲ ಕಂತಿಗೆ ಎರಡು ತಿಂಗಳ ಬಿಡುವು ಕೊಟ್ಟಾಗ ಜನ ವ್ಯಾಪಾರದಲ್ಲಿ ಹೆಚ್ಚು ಹಣ ತೊಡಗಿಸಿದರು, ಮುಂದೆ ಲಾಭವೂ ಹೆಚ್ಚಿತು. ಸುಸ್ತಿಯೂ ಹೆಚ್ಚಿತು, ಅದನ್ನು ಮರೆಮಾಚುವಂತಿಲ್ಲ. ಹಾಗಾಗಿ ಬಿಡುವಿನ ತಿಂಗಳುಗಳಲ್ಲೂ ಭೇಟಿ ನಿಲ್ಲಿಸಬೇಡಿ. ಆಡು ಹೇಗಿದೆ, ಲಸಿಕೆ ಆಯಿತೇ ಎಂದು ನೋಡಿ ಬನ್ನಿ. ಆಡು ಸತ್ತರೆ ಸಾಲದ ಗತಿಯೇನು ಎಂಬುದನ್ನೂ ಮೊದಲೇ ಬರೆದಿಡಿ.

ಪ್ರಶ್ನೆ: ಒಬ್ಬರು ಕಟ್ಟದಿದ್ದರೆ ಗುಂಪಿನ ಉಳಿದವರು ಕಟ್ಟಬೇಕೆಂಬ ಷರತ್ತು ಬೇಕೇ?

ಉತ್ತರ: ಬೇಡ. ಈ ಜಾಮೀನಿನ ಭಯಕ್ಕೆ ಗುಂಪಿನವರೇ ಅತಿ ಬಡವರನ್ನು ಸೇರಿಸಿಕೊಳ್ಳುವುದಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಗುಂಪುಗಳ ಈ ಹೊಣೆ ತೆಗೆದು ನೋಡಿದಾಗ ಸುಸ್ತಿ ಹೆಚ್ಚಲಿಲ್ಲ. ಸಭೆ ಇರಲಿ, ಎಲ್ಲರೆದುರು ಕಂತು ಕಟ್ಟುವ ಪದ್ಧತಿ ಇರಲಿ. ಸಾಲ ಮಾತ್ರ ಅವರವರದು.

ಪ್ರಶ್ನೆ: ತರಬೇತಿಯಲ್ಲಿ ಏನು ಕಲಿಸಬೇಕು? ಲೆಕ್ಕಪತ್ರದ ಪಾಠಕ್ಕೆ ಯಾರೂ ಬರುವುದಿಲ್ಲ.

ಉತ್ತರ: ಪೂರ್ತಿ ಲೆಕ್ಕಪತ್ರ ಬಿಡಿ. ಮನೆಯ ಹಣಕ್ಕೊಂದು ಡಬ್ಬಿ, ವ್ಯಾಪಾರದ ಹಣಕ್ಕೊಂದು ಡಬ್ಬಿ. ಇದೊಂದನ್ನು ರೂಢಿ ಮಾಡಿಸಿ. ಮನೆ ಖರ್ಚಿಗೆ ವ್ಯಾಪಾರದ ಡಬ್ಬಿಯಿಂದ ವಾರಕ್ಕೊಮ್ಮೆ ಗೊತ್ತಾದ ಮೊತ್ತ ಮಾತ್ರ ತೆಗೆಯಲಿ. ತುರ್ತಿಗೆ ಹೆಚ್ಚು ತೆಗೆದರೆ ಚೀಟಿ ಬರೆದು ಹಾಕಲಿ. ಡೊಮಿನಿಕನ್ ಗಣರಾಜ್ಯದ ಸಣ್ಣ ವ್ಯಾಪಾರಿಗಳಲ್ಲಿ ಇಂಥ ಸರಳ ಸೂತ್ರಗಳೇ ಪಠ್ಯದ ಲೆಕ್ಕಶಾಸ್ತ್ರಕ್ಕಿಂತ ಕೈಹಿಡಿದವು. ಗಿರಾಕಿ ಏನು ಕೇಳಿ ಸಿಗದೆ ಹೋದರು, ಪಕ್ಕದವರು ಮಾರದ್ದನ್ನು ತಾವು ಏನು ಮಾರಬಹುದು ಎಂದು ಯೋಚಿಸಲು ಕಲಿಸುವುದೂ ಅಷ್ಟೇ ಮುಖ್ಯ. ಟೋಗೊ ದೇಶದಲ್ಲಿ ಹೀಗೆ ಮುಂದಾಲೋಚನೆ, ಸ್ವಂತ ಉಪಕ್ರಮ ಕಲಿಸಿದ ತರಬೇತಿಯಿಂದ ಲಾಭ ಶೇ 30ರಷ್ಟು ಏರಿತೆಂದು 2017ರಲ್ಲಿ ಪ್ರಕಟವಾಯಿತು. ಕಸುಬಿನ ತರಬೇತಿಯಾದರೆ ಕಲಿತದ್ದಕ್ಕೆ ಕೊಳ್ಳುವವರು ಇದ್ದಾರೆಯೇ ಎಂದು ಮೊದಲು ವಿಚಾರಿಸಿ. ಒಂದೇ ಬೀದಿಯಲ್ಲಿ ಮೂವತ್ತು ಜನಕ್ಕೆ ಹೊಲಿಗೆ ಕಲಿಸಿದರೆ ಮೂವರಿಗೂ ಸಾಕಷ್ಟು ಕೆಲಸ ಸಿಗದು.

ಪ್ರಶ್ನೆ: ಎರಡು ಹೊತ್ತಿನ ಊಟಕ್ಕೇ ಇಲ್ಲದವರಿಗೆ ಸಾಲ ಕೊಡಬಹುದೇ?

ಉತ್ತರ: ಕೊಡಬಾರದು. ಆ ಹಣ ಹೊಟ್ಟೆಗೇ ಹೋಗುತ್ತದೆ, ಹೋಗಲೇಬೇಕು. ಮೇಲೆ ಋಣ ಉಳಿಯುತ್ತದೆ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಇಂಥವರಿಗೆಂದೇ ಬೇರೆ ಯೋಜನೆ ಶುರು ಮಾಡಿತು: ಹಸು, ಆಡಿನಂಥ ಆಸ್ತಿ ಉಚಿತವಾಗಿ, ಅದು ಫಲ ಕೊಡುವವರೆಗೆ ಊಟದ ಖರ್ಚಿಗೆ ಸಣ್ಣ ಭತ್ಯೆ, ಸಾಕುವ ತರಬೇತಿ, ಆಗಾಗ ಮನೆ ಭೇಟಿ, ಉಳಿತಾಯದ ರೂಢಿ, ಎಲ್ಲ ಸೇರಿ ಸುಮಾರು ಎರಡು ವರ್ಷ. ಇದೇ ಮಾದರಿಯನ್ನು ಆರು ದೇಶಗಳಲ್ಲಿ ಪರೀಕ್ಷಿಸಿದ ವರದಿ 2015ರಲ್ಲಿ ಬಂತು. ನೆರವು ನಿಂತು ಒಂದು ವರ್ಷವಾದ ಮೇಲೂ ಆ ಕುಟುಂಬಗಳ ಸ್ಥಿತಿ ಒಟ್ಟಾರೆ ಮೊದಲಿಗಿಂತ ಉತ್ತಮವಾಗಿತ್ತು. ನಿಮ್ಮ ಹಣದಲ್ಲಿ ಹತ್ತು ಕುಟುಂಬಗಳಿಗೆ ಮಾತ್ರ ಇದು ಸಾಧ್ಯವಾದರೆ ಹತ್ತಕ್ಕೇ ಮಾಡಿ. ಭತ್ಯೆಯನ್ನು ಅರ್ಧಕ್ಕೆ ಇಳಿಸಿ ಇಪ್ಪತ್ತಕ್ಕೆ ಹಂಚಬೇಡಿ. ಭತ್ಯೆ ಸಾಲದಿದ್ದರೆ ಮೊದಲು ಮಾರಾಟವಾಗುವುದು ನೀವು ಕೊಟ್ಟ ಹಸುವೇ.