ಟವರ್ ಹೋದಾಗ ಯಾರನ್ನು ಕೇಳೋದು?

ಪ್ರಶ್ನೆ: ಸರ್, ನಾನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಊರು ಖಾನಾಪುರ ತಾಲ್ಲೂಕಿನ ಕಣಕುಂಬಿ. ಮಳೆಗಾಲದಲ್ಲಿ ಮನೆಗೆ ಹೋದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಮೊಬೈಲ್ ನೆಟ್‌ವರ್ಕ್. ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ ಇದೆ. ಸಿ, ಪೈಥಾನ್ ಬರೆಯುತ್ತೇನೆ. ಒಂದು ಫಂಕ್ಷನ್ ಮರೆತರೂ ಕೆಲಸ ನಿಂತುಬಿಡುತ್ತದೆ. ನೆಟ್ ಇಲ್ಲದೆ ನೋಡಿಕೊಳ್ಳಲು ಏನಾದರೂ ಇದೆಯಾ?

ಉತ್ತರ: ತಂಗಿ, ಮಲಪ್ರಭೆ ಹುಟ್ಟುವ ಊರಿನವಳು ನೀನು. ಮಳೆಯನ್ನು ಬೈದು ಉಪಯೋಗವಿಲ್ಲ. ನೀನು ಕೇಳಿದ್ದು ನಿನ್ನ ಲ್ಯಾಪ್‌ಟಾಪ್‌ನಲ್ಲೇ ಇದೆ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ‘ಮ್ಯಾನ್’ ಅಂತ ಹೊಡೆದು, ಪಕ್ಕದಲ್ಲಿ ಫಂಕ್ಷನ್ ಹೆಸರು ಬರೆ. ಮ್ಯಾನ್ ಅಂದರೆ ಮ್ಯಾನುಯಲ್. 1971ರಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯುನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಬರೆದ ಕೈಪಿಡಿಯ ವಂಶ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ನಾನು ಇದರಲ್ಲೇ ಒಂದು ಇಡೀ ಸಂಜೆ ಕಳೆದಿದ್ದೇನೆ. ‘ಮ್ಯಾನ್ ಪ್ರಿಂಟ್‌ಎಫ್’ ಅಂತ ಹೊಡೆದೆ. ಪುಟವೇನೋ ಬಂತು. ಆದರೆ ಓದಿದಷ್ಟೂ ನನ್ನ ಸಿ ಪ್ರೋಗ್ರಾಮಿಗೆ ಹೊಂದುತ್ತಿಲ್ಲ! ಆಮೇಲೆ ಗೊತ್ತಾಯಿತು, ಅದು ಅದೇ ಹೆಸರಿನ ಟರ್ಮಿನಲ್ ಕಮಾಂಡಿನ ಪುಟ. ಮ್ಯಾನ್‌ನಲ್ಲಿ ಭಾಗಗಳಿವೆ: 1 ಅಂದರೆ ಕಮಾಂಡ್, 2 ಸಿಸ್ಟಮ್ ಕಾಲ್ (ಪ್ರೋಗ್ರಾಮ್ ಆಪರೇಟಿಂಗ್ ಸಿಸ್ಟಮನ್ನೇ ಕರೆದು ಕೆಲಸ ಕೇಳುವುದು), 3 ಲೈಬ್ರರಿ ಫಂಕ್ಷನ್. ನಿನಗೆ ಬೇಕಾದದ್ದು ‘ಮ್ಯಾನ್ 3 ಪ್ರಿಂಟ್‌ಎಫ್’. ಭಾಗ 3ರ ಪುಟ ಸಿಗದಿದ್ದರೆ ‘ಮ್ಯಾನ್‌ಪೇಜಸ್-ಡೆವ್’ ಪ್ಯಾಕೇಜ್ ಹಾಕಿಲ್ಲ ಅಂತ ಲೆಕ್ಕ.

ಪುಟ ನೋಡಿ ಹೆದರಬೇಡ. ಮೇಲಿನ ‘ಸಿನಾಪ್ಸಿಸ್’ನಲ್ಲಿ ಯಾವ ಹೆಡರ್ ಸೇರಿಸಬೇಕು ಅಂತ ಇರುತ್ತದೆ. ಅಲ್ಲಿಂದ ಸೀದಾ ‘ರಿಟರ್ನ್ ವ್ಯಾಲ್ಯೂ’ಗೆ ಹಾರು. ಹುಡುಗರು ನೋಡದೆ ಎಡವುವುದು ಅಲ್ಲೇ ಜಾಸ್ತಿ. ಪಟ್ಟಿಯನ್ನು ಕ್ರಮಕ್ಕೆ ಜೋಡಿಸುವ ‘ಕ್ಯೂಸಾರ್ಟ್’ ಫಂಕ್ಷನ್ನಿನ ಪುಟದ ಕೊನೆಯಲ್ಲಂತೂ ಪೂರ್ತಿ ಪ್ರೋಗ್ರಾಮೇ ಇದೆ. ಪುಟದಲ್ಲಿ ಪದ ಹುಡುಕಲು ಓರೆಗೆರೆ (/) ಒತ್ತಿ ಬರೆ, ಹೊರಬರಲು ಕ್ಯೂ. ಈ ಕ್ಯೂ ಗೊತ್ತಿಲ್ಲದೆ ಕಿಟಕಿಯನ್ನೇ ಮುಚ್ಚುವವರು ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಇರುತ್ತಾರೆ.

ಹೆಸರೇ ಮರೆತರೆ? ‘ಅಪ್ರೊಪೊಸ್’ ಅಂತ ಹೊಡೆದು ‘ಡೈರೆಕ್ಟರಿ’ಯಂಥ ಒಂದು ಇಂಗ್ಲಿಷ್ ಪದ ಕೊಡು. ಒಂದೊಂದು ಸಾಲಿನ ವಿವರದಲ್ಲಿ ಆ ಪದ ಇರುವ ಪುಟಗಳೆಲ್ಲ ಬರುತ್ತವೆ. ಸುಮ್ನೆ ‘ಸ್ಟ್ರಿಂಗ್’ ಅಂದರೆ ಮಾತ್ರ ಸಂತೆಯೇ ಬಂದು ನಿಲ್ಲುತ್ತದೆ.

ಪೈಥಾನ್‌ಗೆ ಪೈಥಾನ್ ಒಳಗೇ ‘ಹೆಲ್ಪ್’ ಇದೆ. ಹೊರಗಿನಿಂದ, ಅಂದರೆ ಟರ್ಮಿನಲ್ಲಿನಿಂದಾದರೆ ‘ಪೈಡಾಕ್3’. ನೀನು ಹಾಕಿಕೊಂಡಿರುವ ಆವೃತ್ತಿಯ ವಿವರವನ್ನೇ ಅದು ತೋರಿಸುತ್ತದೆ. ನೆಟ್‌ನಲ್ಲಿ ಹುಡುಕಿದರೆ ಎಷ್ಟೋ ಸಲ ಹಳೆ ಪೈಥಾನ್ 2ರ ಉತ್ತರ ಸಿಗುತ್ತದೆ, ಅಲ್ವಾ?

‘ಟಿಎಲ್‌ಡಿಆರ್’ ಅಂತ ಇನ್ನೊಂದಿದೆ. ಕಮಾಂಡ್‌ಗಳಿಗೆ ಬರೀ ಉದಾಹರಣೆ ಕೊಡುತ್ತದೆ. ಸಿ ಫಂಕ್ಷನ್‌ಗೆ ಅಲ್ಲ. ಆದರೆ ಅದನ್ನೂ ಅದರ ಪುಟಗಳನ್ನೂ ಒಮ್ಮೆ ನೆಟ್ ಇರುವಾಗ ಇಳಿಸಿಕೊಳ್ಳಲೇಬೇಕು.

ಹಾಗಾಗಿ ಊರಿಗೆ ಹೊರಡುವ ಹಿಂದಿನ ರಾತ್ರಿ ವೈಫೈ ಆಫ್ ಮಾಡಿ ಇವಿಷ್ಟನ್ನೂ ಒಮ್ಮೆ ಹೊಡೆದು ನೋಡು. ಏನಾದರೂ ಕೈಕೊಟ್ಟರೆ ಬೆಳಗಾವಿಯಲ್ಲೇ ಹಾಕಿಕೊಂಡು ಬಸ್ ಹತ್ತು. ಮತ್ತೆ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗು. ಕರೆಂಟಿಗೆ ಮಾತ್ರ ನನ್ನ ಹತ್ತಿರ ಕಮಾಂಡ್ ಇಲ್ಲ.