ಓದುಗರ ಪ್ರಶ್ನೆ: ಮುನ್ನೂರು ಫೋಟೋ ತೆಗೆದ್ರೂ ಕಥೆ ಯಾಕೆ ಸಿಗ್ತಿಲ್ಲ?

ಪ್ರಶ್ನೆ: ಪ್ರತಿ ಭಾನುವಾರ ಬೆಳಗ್ಗೆ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಎರಡು ಗಂಟೆ ಸುತ್ತಿ ಮುನ್ನೂರು ಫೋಟೋ ತೆಗೀತೀನಿ. ಮನೆಗೆ ಬಂದು ನೋಡಿದ್ರೆ ಹೂವಿನ ರಾಶಿ, ಮುಖಗಳು, ಬಣ್ಣ ಅಷ್ಟೇ. ಬೇರೆಯವರ ಫೋಟೋದಲ್ಲಿ ಕಾಣೋ ಕಥೆ ನನ್ನದ್ರಲ್ಲಿ ಯಾಕಿಲ್ಲ? (ಓದುಗರು, ಬೆಂಗಳೂರು)

ಉತ್ತರ: "ಎರಡು ಗಂಟೆ ಸುತ್ತಿ" ಅಂತ ನೀವೇ ಬರ್ದಿದ್ದೀರಿ. ಮುಂದಿನ ಭಾನುವಾರ ಸುತ್ತಬೇಡಿ, ಒಂದು ಕಡೆ ನಿಂತ್ಕೊಳ್ಳಿ.

ನನಗೆ ಆಗಿದ್ದನ್ನೇ ಹೇಳ್ತೀನಿ. ಅದೇ ಮಾರ್ಕೆಟ್‌ನ ಒಂದು ಮೂಲೆಯಲ್ಲಿ ಬೆಳಗ್ಗೆ ಬಿಸಿಲು ಓರೆಯಾಗಿ ಬೀಳತ್ತೆ, ಮೂಟೆ ಹೊತ್ತು ಬರೋರೆಲ್ಲ ಆ ಬೆಳಕನ್ನ ದಾಟ್ಕೊಂಡೇ ಹೋಗ್ಬೇಕು, ಪಕ್ಕದಲ್ಲಿ ಒಬ್ಬ ಅಮ್ಮ ಕೂತ್ಕೊಂಡು ಮಲ್ಲಿಗೆ ಕಟ್ತಿರ್ತಾರೆ. ಅಲ್ಲಿ ನಲವತ್ತು ನಿಮಿಷ ನಿಂತಿದ್ದೆ, ಹತ್ತು ಫೋಟೋನೂ ತೆಗೆದಿರ್ಲಿಲ್ಲ. ಒಬ್ಬ ಹಮಾಲಿ ಅಣ್ಣ ತಲೆ ಮೇಲೆ ಚೆಂಡುಹೂವಿನ ಮೂಟೆ ಇಟ್ಕೊಂಡು ಬಂದ್ರು, ಎರಡೂ ಕೈ ಮೇಲಿತ್ತು, ಶರ್ಟ್ ಜೇಬಲ್ಲಿ ಫೋನ್ ಒಂದೇ ಸಮ ಹೊಡ್ಕೊಳ್ತಾ ಇತ್ತು. ಆ ಅಮ್ಮ ಎದ್ದು, ಅವರ ಜೇಬಿಂದ ಫೋನ್ ತೆಗೆದು ಕಿವಿಗೆ ಹಿಡಿದ್ರು. ಅಮ್ಮನ ಕೈಗೆ ಎಟುಕ್ಲಿ ಅಂತ ಅವರು ಮೂಟೆ ಸಮೇತ ಮಂಡಿ ಸ್ವಲ್ಪ ಬಗ್ಗಿಸಿದ್ರು. ನಾಕು ಮಾತು ಆಡಿ ಮುಗೀತು, ಫೋನ್ ವಾಪಸ್ ಜೇಬಿಗೆ ಹೋಯ್ತು, ಅವರು ನಡೆದ್ರು, ಇವರು ಕೂತ್ರು. ಫೋಟೋದಲ್ಲಿ ನೋಡಿದ್ರೆ ಅಮ್ಮನ ಎಡಗೈಯಲ್ಲಿ ಅರ್ಧ ಕಟ್ಟಿದ ಮಲ್ಲಿಗೆ ಹಾಗೇ ನೇತಾಡ್ತಾ ಇದೆ, ಮಡಿಲಲ್ಲಿದ್ದ ಮೊಗ್ಗೆಲ್ಲ ಕಾಲ ಹತ್ರ ಚೆಲ್ಲಿದೆ.

ಆವತ್ತು ನಾನೂ ಸುತ್ತಾಡ್ತಾ ಇದ್ದಿದ್ರೆ, ಫೋನ್ ರಿಂಗ್ ಕೇಳಿ ತಿರುಗಿ ನೋಡೋಷ್ಟ್ರಲ್ಲಿ ಎಲ್ಲ ಮುಗ್ದಿರ್ತಿತ್ತು. ನಿಂತಿದ್ದಕ್ಕೆ ಬೆಳಕು ಎಲ್ಲಿದೆ, ಹಿಂದೆ ಏನಿದೆ, ಎಷ್ಟು ದೂರ ಅನ್ನೋದೆಲ್ಲ ಮೊದಲೇ ಕೈಗೆ ಗೊತ್ತಿತ್ತು. ಹಾಂ, ಮತ್ತೆ ಮುಖ ಮಾತ್ರ ಹುಡುಕಬೇಡಿ, ಕೈಗಳನ್ನ ನೋಡಿ. ಒಬ್ಬರು ಇನ್ನೊಬ್ಬರಿಗೆ ಏನು ಕೊಡ್ತಿದ್ದಾರೆ, ಯಾರ ಮೇಲೆ ಕೈ ಇಟ್ಟಿದ್ದಾರೆ, ದುಡ್ಡು ಎಣಿಸೋವಾಗ ಪಕ್ಕದಲ್ಲಿರೋರು ಎಲ್ಲಿ ನೋಡ್ತಿದ್ದಾರೆ, ನನಗಂತೂ ಕಥೆ ಜಾಸ್ತಿ ಸಿಕ್ಕಿರೋದು ಅಲ್ಲೇ.

ಫ್ರಾನ್ಸಿನ ಫೋಟೋಗ್ರಾಫರ್ ಆನ್ರಿ ಕಾರ್ತಿಯೇ-ಬ್ರೆಸೋನ್ 1932ರಲ್ಲಿ ಪ್ಯಾರಿಸ್‌ನ ಸೇಂಟ್ ಲಜಾರ್ ಸ್ಟೇಷನ್ ಹಿಂದೆ ತೆಗೆದ ಫೋಟೋ ನೀವು ನೋಡಿರ್ತೀರಿ, ನಿಂತ ನೀರಿನ ಮೇಲೆ ಒಬ್ಬ ಹಾರ್ತಿರೋದು, ಹಿಮ್ಮಡಿ ಇನ್ನೇನು ನೀರಿಗೆ ತಾಗ್ಬೇಕು. ಬೇಲಿ ಸಂದಿಯಿಂದ ಕ್ಯಾಮೆರಾ ತೂರಿಸಿ ತೆಗೆದಿದ್ದು ಅದು. ಎಲ್ಲರೂ ಆ ಹಾರೋ ಮನುಷ್ಯನನ್ನ ನೋಡ್ತಾರೆ, ನೀವು ಹಿಂದಿನ ಗೋಡೆಯ ಪೋಸ್ಟರ್ ನೋಡಿ, ಅದರಲ್ಲೂ ಡಾನ್ಸ್ ಮಾಡೋ ಹುಡುಗಿ ಒಬ್ಬಳು ಹಾಗೇ ಹಾರ್ತಿದ್ದಾಳೆ. ಅವೆರಡೂ ಒಂದೇ ಫ್ರೇಮಲ್ಲಿ ಇರೋದ್ರಿಂದಲೇ ನಾವು ಇವತ್ತಿಗೂ ಅದನ್ನ ತಿರುಗಿ ತಿರುಗಿ ನೋಡ್ತೀವಿ.

ಪ್ರಶ್ನೆ: ನಮ್ಮದು ತಿಪಟೂರು. ಇಲ್ಲಿ ಫೋಟೋ ತೆಗೆಯೋಂಥದ್ದು ಏನೂ ನಡೆಯಲ್ಲ. ಬೆಂಗಳೂರು, ಕಾಶಿ ಅಂತ ಹೋದ್ರೇನೇ ಆಗೋದಾ?

ಉತ್ತರ: ಕೊಬ್ಬರಿ ಊರಲ್ಲಿ ಇದ್ಕೊಂಡು ಹಿಂಗೆ ಕೇಳಿದ್ರೆ ನನಗೆ ಹೊಟ್ಟೆ ಉರಿಯತ್ತೆ! ರೈತ ಕೊಬ್ಬರಿ ತಂದು ರೇಟ್ ಎಷ್ಟಾಗತ್ತೋ ಅಂತ ಕಾಯ್ತಾ ಕೂತಿರೋ ಆ ಹೊತ್ತು, ರೇಟ್ ಗೊತ್ತಾದ್ಮೇಲೆ ಅವನ ಭುಜ ಇಳಿಯತ್ತೋ ಏರತ್ತೋ, ಅದನ್ನ ಕಾಶಿಗೆ ಹೋದೋರು ತೆಗೆಯಕ್ಕಾಗಲ್ಲ. ನಿಮಗೆ ಅಲ್ಲಿನ ಭಾಷೆ ಗೊತ್ತು, ಯಾವ ತಿಂಗಳು ಕೈಯಲ್ಲಿ ದುಡ್ಡಿರಲ್ಲ ಅಂತ ಗೊತ್ತು. ನಮ್ಮ ಮೈಸೂರಿನ ಪತ್ರಿಕಾ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ (1923–2009) ದೊಡ್ಡ ದೊಡ್ಡ ಸುದ್ದಿಗಳನ್ನೂ ತೆಗೆದೋರು, ಆದರೆ 1979ರಲ್ಲಿ, ಅಂತಾರಾಷ್ಟ್ರೀಯ ಮಕ್ಕಳ ವರ್ಷಕ್ಕೆ, ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅವರದ್ದೇ ಒಂದು ಪ್ರದರ್ಶನ ಇಟ್ಟಾಗ ಅಲ್ಲಿ ತೂಗಿದ್ದು ಮಕ್ಕಳ ಫೋಟೋಗಳು. ನಿಮ್ಮ ಬಸ್ ಸ್ಟ್ಯಾಂಡಲ್ಲಿ ಒಂದು ತಿಂಗಳು, ವಾರಕ್ಕೆರಡು ದಿನ, ಒಂದೇ ಟೈಮಿಗೆ ಹೋಗಿ ನೋಡಿ, ಆಮೇಲೆ ನನಗೆ ಬರೀರಿ.

ಪ್ರಶ್ನೆ: ಮೊಬೈಲ್ ಸಾಕಾ, ಕ್ಯಾಮೆರಾ ಬೇಕಾ? ಸೆಟ್ಟಿಂಗ್ ಏನಿಡ್ಲಿ?

ಉತ್ತರ: ಮೊಬೈಲ್ ಸಾಕು. ಮೊದಲು ಲೆನ್ಸ್ ಒರೆಸಿ, ಜೂಮ್ ಮಾಡ್ಬೇಡಿ, ಹತ್ರ ಹೋಗಿ, ಸ್ಕ್ರೀನ್ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ ಬ್ರೈಟ್‌ನೆಸ್ ಸ್ವಲ್ಪ ಇಳಿಸಿ. ಕ್ಯಾಮೆರಾ ಇದ್ರೆ ನಡೆಯೋ ಜನಕ್ಕೆ ಶಟರ್ ಸ್ಪೀಡ್ 1/250 ಸೆಕೆಂಡಿಗಿಂತ ನಿಧಾನ ಆಗೋದು ಬೇಡ, ಐಎಸ್‌ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) ಆಟೋಗೆ ಬಿಡಿ. ಫುಲ್ ಫ್ರೇಮಲ್ಲಿ (ದೊಡ್ಡ ಸೆನ್ಸರ್ ಇರೋ ಕ್ಯಾಮೆರಾದಲ್ಲಿ) 28 ಎಂಎಂ ಲೆನ್ಸ್, ಎಫ್ 8 (ಲೆನ್ಸ್ ಎಷ್ಟು ತೆರೆದಿರತ್ತೆ ಅನ್ನೋ ಅಳತೆ), ಫೋಕಸ್ 3 ಮೀಟರ್‌ಗೆ ಇಟ್ಬಿಟ್ರೆ ಸುಮಾರು ಒಂದೂವರೆ ಮೀಟರಿಂದ ರಸ್ತೆ ಆ ಕಡೆವರೆಗೂ ಶಾರ್ಪ್ ಬರತ್ತೆ, ಮತ್ತೆ ಫೋಕಸ್ ಚಿಂತೆ ಇರಲ್ಲ.

ಪ್ರಶ್ನೆ: ಮೊನ್ನೆ ಒಬ್ರು "ಯಾಕಮ್ಮಾ ಫೋಟೋ ತೆಗೀತೀಯ" ಅಂತ ಎಲ್ಲರೆದುರು ಬೈದ್ರು. ಅವತ್ತಿಂದ ಕ್ಯಾಮೆರಾ ಎತ್ತಕ್ಕೇ ಭಯ. ಕೇಳಿ ತೆಗೀಬೇಕಾ? (ಓದುಗರು, ಹುಬ್ಬಳ್ಳಿ)

ಉತ್ತರ: ಅವರು ಬೈದಿದ್ದು ತಪ್ಪಲ್ಲ, ನೀವೂ ಕೆಟ್ಟದ್ದು ಮಾಡಿಲ್ಲ. ಮೊದಲೇ ಕೇಳಿದ್ರೆ ಆ ಕ್ಷಣ ಹೋಗ್ಬಿಡತ್ತೆ, ಹಾಗಂತ ಕದ್ದು ತೆಗೆದು ಓಡೋದು ನನಗೆ ಸರಿ ಕಾಣಲ್ಲ. ನಾನು ತೆಗೆದ್ಮೇಲೆ ಅಲ್ಲೇ ನಿಲ್ತೀನಿ, ಕಣ್ಣಿಗೆ ಕಣ್ಣು ಸೇರಿದ್ರೆ ನಕ್ಕು ತೋರಿಸ್ತೀನಿ, ಬೇಡ ಅಂದ್ರೆ ಅವರ ಮುಂದೇನೇ ಡಿಲೀಟ್. ಮಲಗಿರೋರು, ಕುಡಿದು ಬಿದ್ದಿರೋರು, ಅಳ್ತಿರೋರು, ಇವರನ್ನ ತೆಗೆಯಲ್ಲ. ಭಿಕ್ಷೆ ಬೇಡೋ ಮಕ್ಕಳ ಮುಖ ಹಾಕೋದಂತೂ ಬೇಡವೇ ಬೇಡ, ರಕ್ಷಣೆ ಬೇಕಿರೋ ಮಕ್ಕಳ ಗುರುತು ಬಹಿರಂಗ ಮಾಡ್ಬಾರ್ದು ಅಂತ 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದೆ.

ಮತ್ತೆ ಪ್ರಿಂಟ್ ಹಾಕ್ಸಿ ವಾಪಸ್ ತಗೊಂಡೋಗಿ ಕೊಡಿ, ಮುಂದಿನ ಸಲ ಅವರೇ ನಿಮ್ಮನ್ನ ಕರೀತಾರೆ. ಮಲ್ಲಿಗೆ ಕಟ್ಟೋ ಅಮ್ಮಂಗೆ ಪ್ರಿಂಟ್ ಕೊಟ್ಟಾಗ ಅವರು ತಮ್ಮ ಮುಖ ನೋಡ್ಲೇ ಇಲ್ಲ, ಎಡಗೈ ಮೇಲೆ ಬೆರಳಿಟ್ಟು "ನೋಡಪ್ಪ, ದಾರ ಬಿಟ್ಟಿಲ್ಲ ನಾನು" ಅಂದ್ರು. ಹಮಾಲಿ ಅಣ್ಣನ ಪ್ರಿಂಟ್ ಇನ್ನೂ ನನ್ನ ಬ್ಯಾಗಲ್ಲೇ ಇದೆ, ಮೂರು ಸಲ ಹೋದ್ರೂ ಅವರು ಸಿಗ್ಲಿಲ್ಲ. ಆಯುಧಪೂಜೆ ಹೊತ್ತಿಗೆ ಚೆಂಡುಹೂವಿನ ಲೋಡ್ ಜಾಸ್ತಿ ಬರತ್ತೆ, ಆಗ ಬಾ, ಇಲ್ಲೇ ಇರ್ತಾನೆ ಅಂತ ಅಮ್ಮ ಹೇಳಿದ್ದಾರೆ.