ಪ್ರೋಟೀನ್ ತಯಾರಿ ನಿಂತರೆ ಮಲೇರಿಯಾ ಪರಾವಲಂಬಿ ಸಾಯಬೇಕಲ್ಲವೇ?

ಒತ್ತಡ ಬಿದ್ದಾಗ ಮಲೇರಿಯಾ ಪರಾವಲಂಬಿ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸಿದರೆ ಸಾಯಬೇಕಲ್ಲವೇ ಎಂದು ಕೇಳಿದ್ದೀರಿ. ಪೂರ್ತಿ ನಿಲ್ಲಿಸುವುದಿಲ್ಲ, ಬಹಳಷ್ಟು ತಗ್ಗಿಸುತ್ತದೆ. ಪ್ರೋಟೀನ್ ಕಟ್ಟುವುದು ಜೀವಕೋಶಕ್ಕೆ ದುಬಾರಿ ಕೆಲಸ, ಕೊರತೆಯ ಹೊತ್ತಿನಲ್ಲಿ ಕೈ ಬಿಗಿ ಹಿಡಿದರೇ ಅದು ಉಳಿಯುವುದು.

ಹಿಡಿತ ಇರುವುದು ಇಐಎಫ್2-ಆಲ್ಫಾ ಎಂಬ ಪ್ರೋಟೀನಿನ ಮೇಲೆ. ಪ್ರೋಟೀನ್ ಸರಪಳಿಯ ಮೊದಲ ಅಮೈನೋ ಆಮ್ಲವಾದ ಮೆಥಿಯೊನಿನ್ ಹೊತ್ತ ಟಿಆರ್‌ಎನ್‌ಎ ಎಂಬ ವಾಹಕ ಅಣುವನ್ನು, ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮಿಗೆ ತಲುಪಿಸುವ ಕೂಟದಲ್ಲಿ ಇದೂ ಒಂದು. ಇದರಲ್ಲಿರುವ ಸೆರೀನ್ ಎಂಬ ಒಂದೇ ಒಂದು ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟಿದರೆ ಸಾಕು, ಹೊಸ ಪ್ರೋಟೀನ್ ಸರಪಳಿಗಳು ಶುರುವಾಗುವುದೇ ಕಷ್ಟ.

ಪ್ಲಾಸ್ಮೋಡಿಯಂನಲ್ಲಿ, ಅಂದರೆ ಮಲೇರಿಯಾ ಪರಾವಲಂಬಿಯಲ್ಲಿ, ಆ ಫಾಸ್ಫೇಟ್ ಅಂಟಿಸುವ ಕೈನೇಸ್ ಎಂಬ ಕಿಣ್ವಗಳು ಮೂರು. ಇಐಕೆ1 ಅಮೈನೋ ಆಮ್ಲದ ಕೊರತೆಗೆ ಎಚ್ಚರಗೊಳ್ಳುತ್ತದೆ. ಇಐಕೆ2 ಕೆಲಸ ನನಗೆ ಎಲ್ಲಕ್ಕಿಂತ ಬೆರಗಿನದು: ಸೊಳ್ಳೆಯ ಜೊಲ್ಲುಗ್ರಂಥಿಯಲ್ಲಿ ಕಾಯುತ್ತಿರುವ ಸ್ಪೋರೋಜೊಯಿಟ್‌ಗಳನ್ನು, ಅಂದರೆ ಸೊಳ್ಳೆ ಕಚ್ಚಿದಾಗ ನಮ್ಮೊಳಗೆ ಬರುವ ಪರಾವಲಂಬಿಯ ರೂಪವನ್ನು, ಅದು ತಡೆದಿಡುತ್ತದೆ. ಇಲಿ ಮಲೇರಿಯಾದಲ್ಲಿ ಈ ಜೀನ್ ತೆಗೆದು ನೋಡಿದಾಗ ಅವು ಗ್ರಂಥಿಯೊಳಗೇ ಅವಸರದಿಂದ ಯಕೃತ್ತಿನ ಹಂತದ ರೂಪ ತಾಳತೊಡಗಿ, ಸೋಂಕಿಸುವ ಶಕ್ತಿ ಕಳೆದುಕೊಂಡವು.

ಮೂರನೆಯದು ಪಿಕೆ4. ಮಲೇರಿಯಾ ಔಷಧವಾದ ಆರ್ಟಿಮಿಸಿನಿನ್ ತಗುಲಿದಾಗ ಇದು ಚುರುಕಾಗಿ, ಕೆಲವು ಪರಾವಲಂಬಿಗಳು ಸುಪ್ತಾವಸ್ಥೆಗೆ ಜಾರುತ್ತವೆ, ಔಷಧ ಇಳಿದ ಮೇಲೆ ಮತ್ತೆ ಏಳುತ್ತವೆ ಎಂದು 2017ರ ಅಧ್ಯಯನವೊಂದು ತೋರಿಸಿತು. ಪಿಕೆ4 ತಡೆಯುವ ರಾಸಾಯನಿಕ ಜೊತೆಗೆ ಕೊಟ್ಟಾಗ ಹಾಗೆ ಮರಳುವುದು ನಿಂತಿತು. ಹಾಗಾಗಿ ನಿಮ್ಮ ಪ್ರಶ್ನೆ ಚಿಕಿತ್ಸೆಗೂ ನೇರವಾಗಿ ಸೇರಿದ್ದು.

ನಿದ್ರಾರೋಗದಂಥ ಕಾಯಿಲೆ ತರುವ ಬೇರೊಂದು ಗುಂಪಿನ ಪರಾವಲಂಬಿಗಳಾದ ಟ್ರಿಪನೊಸೋಮ್‌ಗಳ ದಾರಿ ಸ್ವಲ್ಪ ಬೇರೆ. ಅವುಗಳ ಜೀನ್‌ಗಳು ಉದ್ದನೆಯ ಸಾಲಾಗಿ ಒಟ್ಟಿಗೇ ನಕಲಾಗುವುದರಿಂದ, ಯಾವ ಎಂಆರ್‌ಎನ್‌ಎ (ಜೀನಿನ ನಕಲು) ಉಳಿಯಬೇಕು, ಯಾವುದು ಪ್ರೋಟೀನಾಗಿ ಅನುವಾದವಾಗಬೇಕು ಎಂಬ ತೀರ್ಮಾನ ಹೆಚ್ಚಾಗಿ ಆಮೇಲೆ ಆಗುತ್ತದೆ.